ಪ್ರೀತಿ, ಬಂಡಾಯ ಮತ್ತು ಆರು ಕಾದಂಬರಿಗಳು: ಮೊದಲು ಯಾವುದನ್ನು ಓದೋದು?

ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಒಂದಷ್ಟು ಹುಡುಗ ಹುಡುಗಿಯರು ಪುಸ್ತಕ ಓದೋಕೆ ಸೇರುತ್ತಾರೆ. ಹೆಚ್ಚಿನವರು ಪಿಯುಸಿ, ಕೆಲವರು ಡಿಗ್ರಿಯ ಮೊದಲ ವರ್ಷ. ಕಳೆದ ಮಳೆಗಾಲದಲ್ಲಿ ಅವರಲ್ಲಿ ಒಬ್ಬಳು ಆರು ಪುಸ್ತಕಗಳನ್ನು ಚಾಪೆ ಮೇಲೆ ಸಾಲಾಗಿ ಇಟ್ಟಳು. "ಅಕ್ಕಾ, ಎಲ್ಲದರ ಹಿಂದಿನ ರಟ್ಟಿನ ಮೇಲೂ ಒಂದೇ ಥರ ಬರೆದಿದೆ. ಕೆಟ್ಟ ಸರ್ಕಾರ, ಒಬ್ಬ ಹುಡುಗಿ, ಒಬ್ಬ ಹುಡುಗ, ದಂಗೆ. ಇದರಲ್ಲಿ ನಾನು ಯಾವುದು ಓದಲಿ?" ಅಂತ ಕೇಳಿದಳು.

ಅವತ್ತು ಹತ್ತು ನಿಮಿಷದಲ್ಲಿ ಏನೋ ಹೇಳಿ ಕಳಿಸಿದೆ. ಆಮೇಲೆ ಮನಸ್ಸು ಕೇಳಲಿಲ್ಲ. ಆರನ್ನೂ ಮತ್ತೆ ಓದಿದೆ. ಅವಳಿಗೆ ಹೇಳಬೇಕಿದ್ದ ಉತ್ತರವನ್ನು ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ. ಕಥೆಗಳ ಕೊನೆಯನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಆ ಆರು ಇವು. ಮ್ಯಾಲರಿ ಬ್ಲ್ಯಾಕ್‌ಮನ್ 2001ರಲ್ಲಿ ಬರೆದ 'ನಾಟ್ಸ್ ಅಂಡ್ ಕ್ರಾಸಸ್'. ಸುಝೇನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್', 2008ರದ್ದು. ಆ್ಯಲಿ ಕಾಂಡಿ ಅವರ 'ಮ್ಯಾಚ್ಡ್', 2010ರದ್ದು. ಉಳಿದ ಮೂರೂ 2011ರಲ್ಲೇ ಬಂದವು: ಲಾರೆನ್ ಆಲಿವರ್ ಅವರ 'ಡಿಲೀರಿಯಂ', ವೆರೋನಿಕಾ ರಾಥ್ ಅವರ 'ಡೈವರ್ಜೆಂಟ್', ಮರೀ ಲೂ ಅವರ 'ಲೆಜೆಂಡ್'. ಬ್ಲ್ಯಾಕ್‌ಮನ್ ಬ್ರಿಟನ್ನಿನವರು, ಉಳಿದ ಐವರು ಅಮೆರಿಕದವರು. ಇಂಗ್ಲಿಷ್‌ನಲ್ಲಿ ಈ ಬಗೆಗೆ 'ಯಂಗ್ ಅಡಲ್ಟ್ ಡಿಸ್ಟೋಪಿಯನ್' ಅನ್ನುತ್ತಾರೆ. ಹದಿಹರೆಯದವರಿಗೆ ಬರೆದ, ಕೆಟ್ಟುಹೋದ ಲೋಕದ ಕಥೆಗಳು.

ಇಂಥ ಪುಸ್ತಕ ಆರಿಸುವಾಗ ಎಷ್ಟು ಸ್ಟಾರ್ ಬಂದಿದೆ, ಯಾವುದು ಸಿನಿಮಾ ಆಗಿದೆ ಅಂತ ನೋಡುವವರೇ ಜಾಸ್ತಿ. ನಾನು ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕಥೆಯಲ್ಲಿ ಪ್ರೀತಿ ಬಂಡಾಯಕ್ಕೆ ಏನು ಮಾಡುತ್ತದೆ? ಒಂದು ಕಡೆ ಪ್ರೀತಿಸೋದೇ ಅಪರಾಧ. ಇನ್ನೊಂದು ಕಡೆ ಪ್ರೀತಿ ಬಂಡಾಯದ ಜೊತೆಗಾರ. ಮತ್ತೊಂದು ಕಡೆ ಪ್ರೀತಿಯನ್ನು ಸರ್ಕಾರವೇ ಟಿವಿಯಲ್ಲಿ ಆಡಿಸುತ್ತದೆ. ಇನ್ನೂ ಒಂದು ಕಡೆ ಬಂಡಾಯ ಬಂದು ಪ್ರೀತಿಯ ಕುತ್ತಿಗೆಗೇ ಕೈ ಹಾಕುತ್ತದೆ. ರಟ್ಟಿನ ಮೇಲೆ ಎಲ್ಲವೂ ಒಂದೇ ಥರ ಕಾಣಬಹುದು. ಒಳಗೆ ಹೋದರೆ ಒಂದಕ್ಕೊಂದು ತೀರ ದೂರ.

ಹಂಗರ್ ಗೇಮ್ಸ್: ಸಾರಿನ ಪಾತ್ರೆಗಾಗಿ ಒಂದು ಮುತ್ತು

ಇದರಿಂದಲೇ ಶುರು ಮಾಡೋಣ. ಹೆಚ್ಚು ಜನಕ್ಕೆ ಗೊತ್ತಿರುವ ಹೆಸರು ಇದು. ಹೆಚ್ಚು ಜನ ತಪ್ಪು ತಿಳಿದುಕೊಂಡಿರುವುದೂ ಇದನ್ನೇ.

ಉತ್ತರ ಅಮೆರಿಕ ಹಾಳಾದ ಮೇಲೆ ಹುಟ್ಟಿದ ದೇಶ ಪ್ಯಾನೆಮ್. ಕ್ಯಾಪಿಟಲ್ ಅನ್ನೋ ಶ್ರೀಮಂತ ನಗರ, ಅದಕ್ಕಾಗಿ ದುಡಿಯುವ 12 ಜಿಲ್ಲೆಗಳು. ಹಿಂದೊಮ್ಮೆ ಜಿಲ್ಲೆಗಳು ದಂಗೆ ಎದ್ದು ಸೋತಿದ್ದವು. ಅದಕ್ಕೆ ಶಿಕ್ಷೆಯಾಗಿ ಪ್ರತಿ ವರ್ಷ ಒಂದೊಂದು ಜಿಲ್ಲೆಯಿಂದ 12ರಿಂದ 18 ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಆ 24 ಮಕ್ಕಳು ಒಬ್ಬರೇ ಉಳಿಯುವ ತನಕ ಹೊಡೆದಾಡಬೇಕು. ದೇಶವೆಲ್ಲ ಅದನ್ನು ಟಿವಿಯಲ್ಲಿ ನೋಡಬೇಕು.

ಕಾಲಿನ್ಸ್ ಎಷ್ಟು ಗಟ್ಟಿ ಬರಹಗಾರ್ತಿ ಅಂತ ತಿಳಿಯಲು ಆ ಚೀಟಿಗಳ ಲೆಕ್ಕ ನೋಡಿದರೆ ಸಾಕು. ಬಡವರ ಮಕ್ಕಳು ತಮ್ಮ ಹೆಸರಿನ ಇನ್ನೊಂದು ಚೀಟಿ ಹಾಕಿಸಿದರೆ ಮನೆಯ ಒಬ್ಬರಿಗೆ ಒಂದು ವರ್ಷದ ಧಾನ್ಯ, ಎಣ್ಣೆ ಸಿಗುತ್ತದೆ. ಅದೂ ಅರೆಹೊಟ್ಟೆಗೆ. ಕಥೆ ಹೇಳುವ ಹುಡುಗಿ, 16ರ ಕ್ಯಾಟ್ನಿಸ್ ಹೆಸರು ಹೀಗೆ 20 ಸಲ ಇದೆ. ಅವಳ ಜೊತೆ ಬೇಟೆಗೆ ಹೋಗುವ ಗೇಲ್ ಹೆಸರು 42 ಸಲ. ಅವಳ ತಂಗಿ, 12ರ ಪ್ರಿಮ್ ಹೆಸರು ಒಂದೇ ಒಂದು ಸಲ. ಕೈಗೆ ಬರೋದು ಆ ಒಂದು ಚೀಟಿಯೇ. ಹಸಿವನ್ನು ಸಾವಿನ ಚೀಟಿಗೆ ಕಟ್ಟಿದ ಆ ಒಂದು ನಿಯಮದಲ್ಲಿ ಆ ದೇಶ ಪೂರ್ತಿ ಕಾಣುತ್ತದೆ.

ತಂಗಿಯ ಬದಲು ಅಕ್ಕ ಹೋಗುತ್ತಾಳೆ. ಈ ಪುಸ್ತಕದ ಮೊದಲ ಪ್ರೀತಿ ಇದು, ನನ್ನ ಪ್ರಕಾರ ದೊಡ್ಡದೂ ಇದೇ. ಅದೇ ಜಿಲ್ಲೆಯಿಂದ ಆರಿಸಿ ಬಂದ ಹುಡುಗ ಪೀಟಾ, ಬೇಕರಿಯವರ ಮಗ. ಹಿಂದೊಮ್ಮೆ ಕ್ಯಾಟ್ನಿಸ್ ಹಸಿವಿನಿಂದ ಮಳೆಯಲ್ಲಿ ಕೂತಿದ್ದಾಗ ಬೇಕೆಂದೇ ಬ್ರೆಡ್ ಸೀಯಿಸಿ, ತಾಯಿಯ ಕೈಲಿ ಏಟು ತಿಂದು, ಅದನ್ನು ಅವಳತ್ತ ಎಸೆದವನು. ಆಟ ಶುರುವಾಗುವ ಮೊದಲು ಅವನು ಟಿವಿ ಸಂದರ್ಶನದಲ್ಲಿ ಇವಳನ್ನು ಪ್ರೀತಿಸುತ್ತೇನೆ ಅಂತ ಹೇಳಿಬಿಡುತ್ತಾನೆ. ಅಲ್ಲಿಂದ ಆಚೆಗೆ ಯಾವುದು ನಿಜ, ಯಾವುದು ಕ್ಯಾಮೆರಾಗೆ ಅಂತ ಕ್ಯಾಟ್ನಿಸ್‌ಗೇ ತಿಳಿಯೋದಿಲ್ಲ. ಗಾಯಗೊಂಡ ಅವನನ್ನು ಒಂದು ಗುಹೆಯಲ್ಲಿ ಅಡಗಿಸಿ ಇಟ್ಟುಕೊಂಡಿರುತ್ತಾಳೆ. ಒಂದು ಮುತ್ತು ಕೊಡುತ್ತಾಳೆ. ಪ್ಯಾರಾಶೂಟಿನಲ್ಲಿ ಬಿಸಿ ಸಾರಿನ ಪಾತ್ರೆ ಇಳಿಯುತ್ತದೆ. ನೋಡುವವರಿಗೆ ಪ್ರೇಮಕಥೆ ಇಷ್ಟವಾದರೆ ಇವರಿಗೆ ಊಟ ಸಿಗುತ್ತದೆ ಅಂತ ಆ ಕ್ಷಣ ಅವಳಿಗೆ ಅರ್ಥವಾಗುತ್ತದೆ.

ಇದನ್ನು ಪೀಟಾನೋ ಗೇಲನೋ ಅನ್ನೋ ಜಗಳವಾಗಿ ಓದುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಹಸಿದವರ ಮುಂದೆ ಪ್ರೀತಿಯನ್ನೂ ಮಾರಾಟಕ್ಕೆ ಇಡುವ ಲೋಕದಲ್ಲಿ ನನ್ನ ಮನಸ್ಸು ನನ್ನದೇ ಅಂತ ಹೇಗೆ ತಿಳಿಯೋದು ಅನ್ನೋದು ಇಲ್ಲಿನ ಪ್ರಶ್ನೆ. ಟಿವಿ ಚಾನೆಲ್ ಬದಲಿಸುತ್ತಾ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧದ ದೃಶ್ಯ ನೋಡುವಾಗ ಈ ಕಥೆ ಹೊಳೆಯಿತು ಅಂತ ಕಾಲಿನ್ಸ್ ಹೇಳಿದ್ದಾರೆ. ಓದಿದರೆ ಆ ಎರಡೂ ಕಾಣುತ್ತವೆ.

ಬಂಡಾಯದ ವಿಷಯಕ್ಕೆ ಬಂದರೆ, ಈ ಪುಸ್ತಕ ರಟ್ಟಿನ ಹೊರಗೂ ನಡೆದುಹೋಗಿದೆ. ಕಥೆಯಲ್ಲಿ ಜಿಲ್ಲೆಯ ಜನ ಮೂರು ಬೆರಳು ಎತ್ತಿ ಗೌರವ ತೋರಿಸುತ್ತಾರೆ. 2014ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದಾಗ ವಿದ್ಯಾರ್ಥಿಗಳು ಅದೇ ಮೂರು ಬೆರಳು ಎತ್ತಿ ಬಂಧನಕ್ಕೆ ಒಳಗಾದರು. 2021ರಲ್ಲಿ ಮ್ಯಾನ್ಮಾರ್‌ನ ಬೀದಿಗಳಲ್ಲೂ ಅದು ಕಂಡಿತು. ಹದಿಹರೆಯದವರ ಕಾದಂಬರಿಯ ಒಂದು ಸನ್ನೆ ಅಷ್ಟು ದೂರ ಹೋಗಿದ್ದು ಸಣ್ಣ ಮಾತಲ್ಲ ಅಲ್ವಾ?

ಆರರಲ್ಲಿ ಒಂದನ್ನೇ ಓದಲು ಸಮಯವಿದೆ, ಓಟ ಬೇಕು, ಬರಿ ಪ್ರೇಮಕಥೆಯಾಗಿರಬಾರದು ಅನ್ನುವವರು ಇದನ್ನೇ ತಗೊಳ್ಳಿ. ಮೊದಲ ಪುಸ್ತಕಕ್ಕೆ ನಿಲ್ಲಿಸಿದರೂ ಒಂದು ಕಥೆ ಮುಗಿದ ತೃಪ್ತಿ ಇರುತ್ತದೆ. ಮುಂದೆ ಹೋಗುವುದಾದರೆ 2009ರ ಎರಡನೆಯದು ಇನ್ನೂ ಚೆನ್ನಾಗಿದೆ. 2010ರ ಮೂರನೆಯದು ತುಂಬಾ ಭಾರ. ಅಲ್ಲಿ ಬಂಡಾಯ ಮಾಡುವವರ ಕೈಯೂ ಕೊಳೆಯಾಗುತ್ತದೆ. ಕಾಲಿನ್ಸ್ ಆ ಸತ್ಯವನ್ನು ಮಕ್ಕಳಿಂದ ಮುಚ್ಚಿಡಲಿಲ್ಲ ಅನ್ನೋ ಕಾರಣಕ್ಕೆ ನನಗೆ ಅದು ಬಹಳ ಮುಖ್ಯ. ಹಿಂದಿನ ಕಾಲದ ಕಥೆ ಹೇಳುವ ಇನ್ನೆರಡು ಪುಸ್ತಕ 2020 ಮತ್ತು 2025ರಲ್ಲಿ ಬಂದವು. ಮೂರನ್ನೂ ಓದಿದ ಮೇಲೆ ಅವನ್ನು ಕೈಗೆ ತಗೊಳ್ಳಿ.

ಡಿಲೀರಿಯಂ ಅಥವಾ ಮ್ಯಾಚ್ಡ್? ಇವೆರಡನ್ನು ಜೊತೆಯಲ್ಲೇ ನೋಡಬೇಕು

ಈ ಎರಡರ ನಡುವೆ ಗೊಂದಲ ಆಗೋದು ಸಹಜ. ಎರಡರಲ್ಲೂ ಸರ್ಕಾರವೇ ಜೋಡಿ ಹುಡುಕಿ ಕೊಡುತ್ತದೆ. ಎರಡರಲ್ಲೂ ಹುಡುಗಿಗೆ 17. ಎರಡರಲ್ಲೂ ಅವಳು ಮೊದಲು ಆ ವ್ಯವಸ್ಥೆಯನ್ನು ಮನಸಾರೆ ನಂಬಿದವಳು. ಆದರೆ ಓದುವ ಅನುಭವ ಬೆಂಕಿ ಮತ್ತು ಮಂಜಿನಷ್ಟು ಬೇರೆ.

'ಡಿಲೀರಿಯಂ'ನಲ್ಲಿ ಪ್ರೀತಿ ಒಂದು ರೋಗ. ಅದಕ್ಕೆ ಲ್ಯಾಟಿನ್ ಹೆಸರಿದೆ, ಲಕ್ಷಣಗಳ ಪಟ್ಟಿ ಇದೆ, 18 ತುಂಬಿದಾಗ ಮಾಡುವ ಆಪರೇಷನ್ ಇದೆ. ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಅನ್ನೋ ಕಡಲ ಊರಿನಲ್ಲಿ ಲೀನಾ ತನ್ನ ಆಪರೇಷನ್‌ಗೆ ದಿನ ಎಣಿಸುತ್ತಿದ್ದಾಳೆ. ಭಯದಿಂದ ಎಣಿಸುತ್ತಿಲ್ಲ. ಯಾವಾಗ ಆಗುತ್ತೋ, ಯಾವಾಗ ನೆಮ್ಮದಿಯೋ ಅಂತ ಕಾಯುತ್ತಿದ್ದಾಳೆ. ಅವಳ ಶಾಲೆಯಲ್ಲಿ ರೋಮಿಯೋ ಜೂಲಿಯೆಟ್ ಕಥೆಯನ್ನು ಎಚ್ಚರಿಕೆಯ ಪಾಠವಾಗಿ ಕಲಿಸುತ್ತಾರೆ. ನೋಡಿ, ಪ್ರೀತಿಸಿದರೆ ಹೀಗಾಗುತ್ತೆ ಅಂತ. ಒಂದೊಂದು ಅಧ್ಯಾಯದ ಮೊದಲಿಗೂ ಆ ಸರ್ಕಾರದ ಕೈಪಿಡಿಯಿಂದ, ಪ್ರಾರ್ಥನೆಯಿಂದ, ಮಕ್ಕಳ ಹಾಡಿನಿಂದ ತೆಗೆದ ಸಾಲುಗಳಿವೆ. ಬಹುಪಾಲು ಲೇಖಕಿಯೇ ಕಟ್ಟಿದವು. ಅವನ್ನು ದಾಟಿ ಹೋಗಬೇಡಿ. ಪುಸ್ತಕದ ಅರ್ಧ ಜೀವ ಅಲ್ಲಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲೀನಾ ಮತ್ತು ಅಲೆಕ್ಸ್ ಅವರ ಪ್ರೇಮಕ್ಕಿಂತ ಲೀನಾಳ ಅಮ್ಮ. ಪ್ರೀತಿ ಹೋದರೆ ಹುಡುಗ ಹುಡುಗಿಯ ನಡುವಿನದು ಮಾತ್ರ ಹೋಗೋದಿಲ್ಲ. ಮಗು ಬಿದ್ದು ಅತ್ತರೆ ಓಡಿ ಬಂದು ಎತ್ತಿಕೊಳ್ಳುವ ಕೈಯೂ ಹೋಗುತ್ತದೆ. ಆಪರೇಷನ್ ಆದ ತಾಯಂದಿರು ಮಕ್ಕಳನ್ನು ಕರ್ತವ್ಯದಂತೆ ಸಾಕುತ್ತಾರೆ. ಲೀನಾಳ ಅಮ್ಮನಿಗೆ ಆ ಚಿಕಿತ್ಸೆ ಮತ್ತೆ ಮತ್ತೆ ಮಾಡಿದರೂ ಹಿಡಿದಿರಲಿಲ್ಲ. ಪರದೆ ಎಳೆದು, ಬರೀ ಕಾಲುಚೀಲದಲ್ಲಿ ಸದ್ದಾಗದಂತೆ ಮಕ್ಕಳ ಜೊತೆ ಕುಣಿಯುತ್ತಿದ್ದಳು. ಹೊರಗೆ ಗೊತ್ತಾದರೆ ಅಪಾಯ ಅಂತ ನಗುವನ್ನೂ ಅದುಮುತ್ತಿದ್ದರು. ಆ ದೃಶ್ಯ ಓದಿದ ಮೇಲೆ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

'ಮ್ಯಾಚ್ಡ್' ಬೇರೆ ಬಗೆಯದು. ಇಲ್ಲಿನ ಸರ್ಕಾರ ಬೈಯೋದಿಲ್ಲ, ಹೊಡೆಯೋದಿಲ್ಲ. ಎಲ್ಲರಿಗೂ ಅವರವರ ಮೈಗೆ ತಕ್ಕಷ್ಟು ಅಳೆದು ಊಟ ಕಳಿಸುತ್ತದೆ. ಯಾರಿಗೂ ಹಸಿವಿಲ್ಲ. ಹಳೆಯ ಕಾಲದಿಂದ 100 ಹಾಡು, 100 ಕವಿತೆ, 100 ಚಿತ್ರ ಆರಿಸಿ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಅಳಿಸಿಹಾಕಿದ್ದಾರೆ. ಜಾಸ್ತಿಯಾದರೆ ಮನಸ್ಸು ಚದುರುತ್ತದೆ ಅಂತ. 80 ತುಂಬಿದ ದಿನ ಎಲ್ಲರೂ ಸಾಯಬೇಕು, ಅದಕ್ಕೂ ಒಂದು ಔತಣ ಇದೆ. ಕೈಯಲ್ಲಿ ಬರೆಯೋದು ಯಾರಿಗೂ ಬರೋದಿಲ್ಲ.

17ರ ಹುಟ್ಟುಹಬ್ಬದ ದಿನ ಕ್ಯಾಸಿಯಾಗೆ ಜೋಡಿ ಗೊತ್ತುಮಾಡುತ್ತಾರೆ. ಸಿಕ್ಕವನು ಅವಳ ಬಾಲ್ಯದ ಗೆಳೆಯ ಝ್ಯಾಂಡರ್. ಒಳ್ಳೆಯ ಹುಡುಗ, ಚೆಂದದ ಹುಡುಗ, ಅವಳನ್ನು ಬಲ್ಲವನು. ಆದರೆ ಅವನ ವಿವರ ಇರುವ ಕಾರ್ಡ್ ಹಾಕಿದಾಗ ಪರದೆ ಮೇಲೆ ಒಂದೇ ಕ್ಷಣ ಇನ್ನೊಬ್ಬ ಹುಡುಗನ ಮುಖ ಮೂಡಿ ಮಾಯವಾಗುತ್ತದೆ. ಅವನ ಹೆಸರು ಕೈ (Ky).

ಜಾತಕ ಕೂಡಿಬಂತು, ಮನೆತನ ಒಳ್ಳೆಯದು, ಹುಡುಗನೂ ಒಳ್ಳೆಯವನು, ಇನ್ನೇನು ಬೇಕು ಅನ್ನೋ ಮಾತು ಕೇಳಿ ಬೆಳೆದವರಿಗೆ ಈ ಪುಸ್ತಕ ಚುರುಕ್ ಅನ್ನಿಸುತ್ತದೆ. ಕಾಂಡಿ ಜಾಣತನದಿಂದ ಝ್ಯಾಂಡರ್‌ನನ್ನು ಕೆಟ್ಟವನನ್ನಾಗಿ ಮಾಡಲಿಲ್ಲ. ವ್ಯವಸ್ಥೆ ಸರಿಯಾದ ಹುಡುಗನನ್ನೇ ಕೊಟ್ಟಿರಬಹುದು. ಆದರೂ ಆರಿಸಿದ್ದು ಅವಳಲ್ಲ. ಆ ಒಂದು ಕಾರಣ ಸಾಕೇ, ಸಾಲದೇ ಅಂತ ನಮ್ಮ ಓದುಕೂಟದಲ್ಲಿ ಒಂದು ಇಡೀ ಭಾನುವಾರ ಚರ್ಚೆ ನಡೆಯಿತು. ಸಾಕು ಅಂದವರೂ ಇದ್ದರು. ಅಪ್ಪ ಅಮ್ಮ ನೋಡಿದ್ದೇ ನನಗೆ ಇಷ್ಟ ಅಂದವಳೂ ಇದ್ದಳು, ಅವಳ ಮಾತನ್ನೂ ಎಲ್ಲರೂ ಗಂಭೀರವಾಗಿ ಕೇಳಿದರು.

ಇಲ್ಲಿ ಬಂಡಾಯ ಅಂದರೆ ಒಂದು ಕವಿತೆಯನ್ನು ಬಾಯಿಪಾಠ ಮಾಡೋದು. ತೀರಿಹೋಗುವ ಮುನ್ನ ಅಜ್ಜ ಮೊಮ್ಮಗಳಿಗೆ ಒಂದು ಹಳೆಯ ಡಬ್ಬಿಯಲ್ಲಿ ಅಡಗಿಸಿದ ಕಾಗದ ಕೊಡುತ್ತಾನೆ. ಅದರಲ್ಲಿ ನಿಷೇಧಿಸಿದ ಡಿಲನ್ ಥಾಮಸ್ ಕವಿತೆ. ಕೈ ಅವಳಿಗೆ ಕಡ್ಡಿಯಿಂದ ನೆಲದ ಮೇಲೆ ಅಕ್ಷರ ತಿದ್ದೋದನ್ನು ಕಲಿಸುತ್ತಾನೆ. ಅವರ ಪ್ರೀತಿ ಅಕ್ಷರಾಭ್ಯಾಸದಲ್ಲೇ ಬೆಳೆಯುತ್ತದೆ. ಇಡೀ ಪುಸ್ತಕದಲ್ಲಿ ರಕ್ತ ಇಲ್ಲವೇ ಇಲ್ಲ ಅನ್ನಬಹುದು.

ಹಾಗಾದರೆ ಯಾವುದು? ಉರಿಯುವ ಭಾಷೆ, ಎದೆ ಬಡಿತ, ಓಡಿಹೋಗುವ ತವಕ ಬೇಕಿದ್ದರೆ 'ಡಿಲೀರಿಯಂ'. ಅದರ ಕೊನೆ ಮಾತ್ರ ದಾರಿ ಮಧ್ಯೆ ಕೈಬಿಟ್ಟ ಹಾಗೆ ಇರುತ್ತದೆ. ಎರಡನೆಯದನ್ನು ಕೈಯಲ್ಲಿಟ್ಟುಕೊಂಡೇ ಶುರು ಮಾಡಿ. ನಿಧಾನ, ಮೆಲುಮಾತು, ಕವಿತೆ ಇಷ್ಟವಿದ್ದರೆ 'ಮ್ಯಾಚ್ಡ್'. ಏನೂ ನಡೀತಾನೇ ಇಲ್ಲ ಅಂತ ಬೇಸರ ಪಡುವ ಓದುಗರಿಗೆ ಅದನ್ನು ಕೊಡಬೇಡಿ. 13, 14ರ ಮಕ್ಕಳಿಗೆ ಈ ಆರರಲ್ಲಿ ನಾನು ಯೋಚನೆ ಮಾಡದೆ ಕೊಡುವ ಒಂದೇ ಪುಸ್ತಕ ಅದು. ಮುಂದಿನ ಎರಡು ಭಾಗಗಳಲ್ಲಿ ಕಥೆ ಎಳೆದ ಹಾಗೆ ಅನ್ನಿಸಿತು. ಮೊದಲನೆಯದಕ್ಕೆ ನಿಲ್ಲಿಸಿದರೂ ದೊಡ್ಡ ನಷ್ಟವಿಲ್ಲ.

ಡೈವರ್ಜೆಂಟ್: 16ಕ್ಕೆ ಒಂದೇ ದಾರಿ ಆರಿಸು ಅಂದರೆ

ಶಿಕಾಗೋ ನಗರ. ಜನ ಐದು ಪಂಗಡವಾಗಿ ಹಂಚಿಹೋಗಿದ್ದಾರೆ. ತ್ಯಾಗದವರು, ಶಾಂತಿಯವರು, ಸತ್ಯದವರು, ಧೈರ್ಯದವರು, ಜ್ಞಾನದವರು. 16ನೇ ವಯಸ್ಸಿನಲ್ಲಿ ಎಲ್ಲರ ಮುಂದೆ ಅಂಗೈ ಕೊಯ್ದು, ಐದು ಬಟ್ಟಲುಗಳಲ್ಲಿ ಒಂದರ ಮೇಲೆ ರಕ್ತ ತೊಟ್ಟಿಕ್ಕಿಸಿ ಪಂಗಡ ಆರಿಸಬೇಕು. ಆರಿಸಿದ ಮೇಲೆ ವಾಪಸ್ಸು ಇಲ್ಲ. ಬೇರೆ ಪಂಗಡ ಆರಿಸಿದರೆ ಅಪ್ಪ ಅಮ್ಮನೂ ದೂರ. ತ್ಯಾಗದ ಪಂಗಡದಲ್ಲಿ ಹುಟ್ಟಿದ ಬಿಯಾಟ್ರಿಸ್ ಯಾವ ಒಂದಕ್ಕೂ ಪೂರ್ತಿ ಸೇರದವಳು.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಸೈನ್ಸಾ, ಕಾಮರ್ಸಾ, ಆರ್ಟ್ಸಾ ಅಂತ ಮನೆಮಂದಿಯೆಲ್ಲ ಕೂತು ತೀರ್ಮಾನ ಮಾಡಿದ್ದನ್ನು ಕಂಡವರಿಗೆ ಆ ಬಟ್ಟಲುಗಳ ಮುಂದೆ ನಿಂತ ಹುಡುಗಿಯ ಹೊಟ್ಟೆ ಸಂಕಟ ತಕ್ಷಣ ಗೊತ್ತಾಗುತ್ತದೆ. ನಮ್ಮ ಕೂಟದಲ್ಲಿ ಅತಿ ಬೇಗ ಓದಿ ಮುಗಿಸಿದ್ದು ಇದನ್ನೇ. ರಾಥ್ ಇದನ್ನು ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಬರೆದರು. ಆ ವಯಸ್ಸಿನ ತವಕ ಪುಟ ಪುಟದಲ್ಲೂ ಇದೆ.

ಪ್ರೀತಿ ಇಲ್ಲಿ ಬಂಡಾಯದ ಜೊತೆಗಾರ. ಧೈರ್ಯದ ಪಂಗಡ ಸೇರಿ ಟ್ರಿಸ್ ಅಂತ ಹೆಸರು ಬದಲಿಸಿಕೊಂಡ ಬಿಯಾಟ್ರಿಸ್‌ಗೆ ತರಬೇತಿ ಕೊಡುವವನ ಅಡ್ಡಹೆಸರು ಫೋರ್. ಅವನಿಗೆ ಇರುವ ಭಯಗಳು ನಾಲ್ಕೇ, ಅದಕ್ಕೆ ಆ ಹೆಸರು. ಇಬ್ಬರೂ ಒಬ್ಬರ ಭಯವನ್ನು ಇನ್ನೊಬ್ಬರು ಒಳಗೆ ಹೊಕ್ಕು ನೋಡುವ ಭಾಗ ನಿಜಕ್ಕೂ ಚೆನ್ನಾಗಿದೆ. ಇದರಲ್ಲಿ ತ್ರಿಕೋನ ಪ್ರೇಮ ಇಲ್ಲ, ಅದೊಂದು ನೆಮ್ಮದಿ. ಆದರೆ ಲೋಕ ಕಟ್ಟಿದ ರೀತಿ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಒಂದು ಊರಿನ ಜನ ಇಂಥ ಪದ್ಧತಿಗೆ ಯಾಕೆ ಒಪ್ಪಿದರು ಅನ್ನೋದಕ್ಕೆ ಉತ್ತರ ಮೂರನೇ ಪುಸ್ತಕದಲ್ಲಿ ಬರುತ್ತದೆ, ಬಂದಾಗಲೂ ಸಪ್ಪೆ. 2013ರಲ್ಲಿ ಆ ಮೂರನೇ ಪುಸ್ತಕ ಬಂದಾಗ ಅದರ ಅಂತ್ಯಕ್ಕೆ ಸಿಟ್ಟಾದ ಓದುಗರು ಬಹಳ. ನಾನು ಆ ಅಂತ್ಯದ ಪರ. ಅದಕ್ಕೆ ಬೇಕಾದ ಧೈರ್ಯ ಎಲ್ಲರಿಗೂ ಬರೋದಿಲ್ಲ.

ಲೆಜೆಂಡ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದ್ರೆ ಅದೂ ಬೇಗ ಮುಗಿಯುವ ಪುಸ್ತಕ. ಸುಮಾರು 300 ಪುಟ. ಲಾಸ್ ಏಂಜಲೀಸ್‌ನಲ್ಲಿ ಇಬ್ಬರು 15ರ ಮಕ್ಕಳು. ಡೇ ಅನ್ನೋ ಹುಡುಗ ಸರ್ಕಾರ ಹುಡುಕುತ್ತಿರುವ ಅಪರಾಧಿ. ಜೂನ್ ಅದೇ ಸರ್ಕಾರದ ಸೇನೆಯ ಹೆಮ್ಮೆಯ ವಿದ್ಯಾರ್ಥಿನಿ, 10ನೇ ವಯಸ್ಸಿಗೆ ಕೊಡುವ ಪರೀಕ್ಷೆಯಲ್ಲಿ 1500ಕ್ಕೆ 1500 ತಗೊಂಡವಳು. ತನ್ನ ಅಣ್ಣನನ್ನು ಕೊಂದವನು ಡೇ ಅಂತ ಅವಳು ಬೆನ್ನು ಹತ್ತುತ್ತಾಳೆ. ಒಂದು ಅಧ್ಯಾಯ ಅವನ ಬಾಯಲ್ಲಿ, ಒಂದು ಅವಳ ಬಾಯಲ್ಲಿ. ವಿಕ್ಟರ್ ಹ್ಯೂಗೋನ ಕಥೆಯ ಕಳ್ಳ ಮತ್ತು ಪೊಲೀಸನನ್ನು ಹದಿಹರೆಯಕ್ಕೆ ತಂದ ಹಾಗೆ ಇದೆ, ಲೂ ಅವರಿಗೆ ಪ್ರೇರಣೆಯೂ ಅದೇ. ಪ್ರೇಮಕ್ಕಿಂತ ಬೆನ್ನಟ್ಟುವ ರೋಚಕ ಭಾಗವೇ ಜಾಸ್ತಿ. ಹುಡುಗಿಯೇ ಕಥೆ ಹೇಳುವ ಪುಸ್ತಕ ಬೇಡ ಅನ್ನುವ ಹುಡುಗರನ್ನು ಈ ದಾರಿಗೆ ತರಲು ನಾನು ಕೊಡೋದು ಇದನ್ನು. ಇಂಗ್ಲಿಷ್ ಕಾದಂಬರಿ ಮೊದಲ ಸಲ ಓದುವವರಿಗೂ ಇದು ಸಲೀಸು.

ನಾಟ್ಸ್ ಅಂಡ್ ಕ್ರಾಸಸ್: ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹತ್ತಿರದ್ದು

ಈ ಪುಸ್ತಕಕ್ಕಾಗಿಯೇ ಈ ಬರಹ ಬರೆದೆ ಅಂದರೂ ತಪ್ಪಿಲ್ಲ. ಆರರಲ್ಲಿ ನಮ್ಮ ಕಡೆ ಕಡಿಮೆ ಕೇಳಿಬರುವ ಹೆಸರು ಇದು.

ಇಲ್ಲಿ ಯಂತ್ರ ಇಲ್ಲ, ಆಪರೇಷನ್ ಇಲ್ಲ, ಟಿವಿ ಆಟ ಇಲ್ಲ. ಇವತ್ತಿನ ಬ್ರಿಟನ್ನಿನಂಥ ದೇಶ. ಒಂದೇ ಬದಲಾವಣೆ: ಕಪ್ಪು ಬಣ್ಣದವರು ಆಳುವವರು, ಅವರು ಕ್ರಾಸ್‌ಗಳು. ಬಿಳಿಯರು ಮೊನ್ನೆ ಮೊನ್ನೆವರೆಗೂ ಗುಲಾಮರಾಗಿದ್ದವರು, ಅವರು ನಾಟ್‌ಗಳು, ಅಂದರೆ ಸೊನ್ನೆಗಳು. ಮಂತ್ರಿಯ ಮಗಳು ಸೆಫಿ. ಅವರ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸಿನ ಮಗ ಕ್ಯಾಲಮ್. ಒಟ್ಟಿಗೆ ಆಡಿ ಬೆಳೆದವರು. ಒಂದು ದಿನ ಅವನ ಅಮ್ಮನನ್ನು ಕೆಲಸದಿಂದ ತೆಗೆಯುತ್ತಾರೆ. ಆಮೇಲೆ ಅವರಿಬ್ಬರೂ ಕದ್ದು ಸಿಗಬೇಕು.

ಬ್ಲ್ಯಾಕ್‌ಮನ್ ಅನ್ಯಾಯವನ್ನು ದೊಡ್ಡ ಮಾತಿನಲ್ಲಿ ಹೇಳೋದಿಲ್ಲ. ಶಾಲೆಯಲ್ಲಿ ಒಬ್ಬ ನಾಟ್ ಹುಡುಗಿಯ ಹಣೆಗೆ ಗಾಯದ ಪಟ್ಟಿ ಅಂಟಿಸಿದೆ. ಅವಳ ಬಿಳಿ ಹಣೆಯ ಮೇಲೆ ಗಾಢ ಕಂದು ಬಣ್ಣದ ಪಟ್ಟಿ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಸಿಗೋದು ಆ ಬಣ್ಣ ಒಂದೇ. ಸೆಫಿಗೆ ಅಲ್ಲಿತನಕ ಅದು ಹೊಳೆದೇ ಇರಲಿಲ್ಲ. ಮೇಲಿನವರ ಕಣ್ಣಿಗೆ ಯಾವುದು ಬೀಳೋದೇ ಇಲ್ಲ ಅನ್ನೋದನ್ನು ಇಷ್ಟು ಸಣ್ಣ ವಸ್ತುವಿನಲ್ಲಿ ತೋರಿಸಿದ ಬರಹಗಾರರು ಕಡಿಮೆ.

ಇನ್ನೊಂದು ದೃಶ್ಯ. ಕ್ರಾಸ್‌ಗಳ ಶಾಲೆಗೆ ಮೊದಲ ಬಾರಿ ಬೆರಳೆಣಿಕೆಯ ನಾಟ್ ಮಕ್ಕಳಿಗೆ ಪ್ರವೇಶ ಸಿಗುತ್ತದೆ, ಕ್ಯಾಲಮ್ ಅವರಲ್ಲಿ ಒಬ್ಬ. ಬಾಗಿಲಲ್ಲಿ ಗುಂಪು ಸೇರಿ ಕೂಗುತ್ತದೆ. ಓದುವಾಗ 1957ರಲ್ಲಿ ಅಮೆರಿಕದ ಲಿಟಲ್ ರಾಕ್ ಊರಿನ ಶಾಲೆಗೆ ಸೇನೆಯ ಕಾವಲಿನಲ್ಲಿ ಹೋಗಬೇಕಾದ 9 ಕಪ್ಪು ಮಕ್ಕಳು ನೆನಪಾಗುತ್ತಾರೆ. ಸೆಫಿ ಅವರ ಪರವಾಗಿ ಗುಂಪಿನ ಮೇಲೆ ಕಿರುಚುತ್ತಾಳೆ. ಆದರೆ ಬೈಯುವಾಗ ಅವಳ ಬಾಯಿಂದ ಬರೋದು ನಾಟ್‌ಗಳನ್ನು ಹೀಯಾಳಿಸುವ ಪದವೇ. ನೀವೂ ಅವರ ಹಾಗೆ ಆಡ್ತಿದ್ದೀರಿ ಅಂತ. ಕ್ಯಾಲಮ್ ಅದನ್ನು ಕೇಳಿಸಿಕೊಳ್ಳುತ್ತಾನೆ. ಒಳ್ಳೆಯ ಮನಸ್ಸಿನ ಹುಡುಗಿ, ಪ್ರೀತಿಯೂ ನಿಜ, ಆದರೂ ನಾಲಿಗೆಯ ಮೇಲೆ ಆ ಪದ ಕೂತಿದೆ. ನಮ್ಮ ಕೂಟದಲ್ಲಿ ಈ ಪುಟ ಓದಿದಾಗ ಒಬ್ಬ ಹುಡುಗ ತನ್ನ ಮನೆಯಲ್ಲಿ ಬೈಯಲು ಬಳಸುವ ಒಂದು ಜಾತಿಯ ಹೆಸರನ್ನು ಹೇಳಿ, "ನಾನೂ ಇದನ್ನ ಎಷ್ಟು ಸಲ ಅಂದಿದ್ದೀನಿ ಅಕ್ಕಾ" ಅಂದ. ಮತ್ತೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕನ್ನಡದವರಿಗೆ ಇದು ಹೊಸ ಕಥೆಯೂ ಅಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆ, ಅದಕ್ಕೆ ಆ ಇಬ್ಬರು ಅಪ್ಪಂದಿರು ತೆತ್ತ ಬೆಲೆ, ಆಮೇಲೆ ಹೊತ್ತಿ ಉರಿದ ಕಲ್ಯಾಣ, ಇದನ್ನು ಕೇಳುತ್ತಾ ಬೆಳೆದವರು ನಾವು. ಇವತ್ತೂ ಬೇರೆ ಜಾತಿಯಲ್ಲಿ ಪ್ರೀತಿಸಿದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಹೇಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಹೇಳಿದ್ದು, ಹತ್ತಿರದ್ದು ಅಂತ.

ಉಳಿದ ಐದರಲ್ಲಿ ಪ್ರೀತಿ ಮತ್ತು ಬಂಡಾಯ ಕೊನೆಗೆ ಒಂದೇ ಕಡೆ ನಿಲ್ಲುತ್ತವೆ ಅನ್ನೋ ಆಸೆ ಓದುಗರಿಗೆ ಇರುತ್ತದೆ. ಇಲ್ಲಿ ಹಾಗಿಲ್ಲ. ಕ್ಯಾಲಮ್‌ನ ಮನೆಯವರು ಬಾಂಬ್ ಇಡುವ ಗುಂಪಿನ ಕಡೆ ಸರಿಯುತ್ತಾರೆ. ಅವನ ಸಿಟ್ಟು ನ್ಯಾಯವಾದದ್ದು. ಸೆಫಿಯ ಪ್ರೀತಿಯೂ ಸುಳ್ಳಲ್ಲ. ಎರಡೂ ಒಂದೇ ಎದೆಯಲ್ಲಿ ಇರಲಾಗದೆ ಒದ್ದಾಡುತ್ತವೆ. ಬಂಡಾಯ ಅಂದರೆ ಬರೀ ಬಾವುಟ, ಘೋಷಣೆ ಅಂದುಕೊಂಡ ಹದಿಹರೆಯದವರಿಗೆ ಇದನ್ನು ನಾನು ಓದಿಸಲೇಬೇಕು ಅನ್ನುತ್ತೇನೆ.

ಆದರೆ ಎಚ್ಚರ. ಆತ್ಮಹತ್ಯೆ, ಕುಡಿತ, ಬಾಂಬ್ ಸ್ಫೋಟ, ನೇಣು ಎಲ್ಲವೂ ಇದರಲ್ಲಿವೆ. 15ಕ್ಕಿಂತ ಚಿಕ್ಕವರಿಗೆ ಬೇಡ. ಮನಸ್ಸು ಈಗಾಗಲೇ ಕುಗ್ಗಿರುವವರು ಸದ್ಯಕ್ಕೆ ಮುಂದೂಡಿ. ಮುಂದೆ ಇದರಲ್ಲಿ ಹಲವು ಭಾಗಗಳಿವೆ. ಮೊದಲನೆಯದೇ ಒಂದು ಇಡೀ ಕಥೆ.

ಕೊಳ್ಳುವ ಮೊದಲು ಕೆಲವು ಮಾತು

ಭಾಷೆ ಕಷ್ಟವಾದೀತೇ ಅಂತ ಕನ್ನಡ ಮಾಧ್ಯಮದಲ್ಲಿ ಓದಿದವರು ಕೇಳುತ್ತಾರೆ. ಇವೆಲ್ಲ ನಾನು ಅಂತ ಹೇಳುವ ಕಥೆಗಳು, ವಾಕ್ಯಗಳು ಬಹುಪಾಲು ಚಿಕ್ಕವು. 'ಲೆಜೆಂಡ್', 'ಹಂಗರ್ ಗೇಮ್ಸ್', 'ನಾಟ್ಸ್ ಅಂಡ್ ಕ್ರಾಸಸ್' ಮೂರೂ ಸುಲಭ. 'ಡೈವರ್ಜೆಂಟ್' ಸುಲಭವಾದರೂ ದಪ್ಪ, 500 ಪುಟಕ್ಕೆ ಹತ್ತಿರ. 'ಡಿಲೀರಿಯಂ' ಭಾಷೆ ಅಲಂಕಾರದ್ದು, ಆರರಲ್ಲಿ ಅದೇ ಸ್ವಲ್ಪ ಗಟ್ಟಿ. ಮೊದಲ 30 ಪುಟ ನಿಘಂಟು ಮುಟ್ಟದೆ ಓದಿ ನೋಡಿ. ಕಥೆ ಹಿಡಿದರೆ ಪದಗಳು ತಾವಾಗೇ ಬಿಡಿಸಿಕೊಳ್ಳುತ್ತವೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಪ್ರೀತಿ ಅನ್ನೋ ಪದ ನೋಡಿ ಹೆದರಬೇಡಿ. ಈ ಆರರಲ್ಲೂ ಮುತ್ತಿಗಿಂತ ಮುಂದೆ ಹೋಗುವ ಭಾಗಗಳು ಬಹಳ ಕಡಿಮೆ, ಇದ್ದರೂ ವಿವರ ಇಲ್ಲ. ಯೋಚಿಸಬೇಕಾದ್ದು ಹಿಂಸೆಯ ಬಗ್ಗೆ. 'ಹಂಗರ್ ಗೇಮ್ಸ್'ನಲ್ಲಿ ಮಕ್ಕಳೇ ಮಕ್ಕಳನ್ನು ಕೊಲ್ಲುತ್ತಾರೆ. 'ಡೈವರ್ಜೆಂಟ್'ನಲ್ಲಿ ಆತ್ಮಹತ್ಯೆಯ ಪ್ರಸಂಗ ಇದೆ, ಮಗನನ್ನು ಹೊಡೆಯುವ ಅಪ್ಪ ಇದ್ದಾನೆ. ಸಾಧ್ಯವಾದರೆ ನೀವೂ ಜೊತೆಗೆ ಓದಿ. ಮಕ್ಕಳು ಊಟದ ಹೊತ್ತಿಗೆ ತಾವಾಗೇ ಮಾತು ತೆಗೆಯುತ್ತಾರೆ.

ಸಿನಿಮಾ ನೋಡಿಬಿಟ್ಟಿದ್ದೀನಿ, ಇನ್ನು ಓದಬೇಕಾ ಅಂತ ಕೇಳಿದರೆ: 'ಹಂಗರ್ ಗೇಮ್ಸ್' ಓದಿ, ಕ್ಯಾಟ್ನಿಸ್ ತಲೆಯೊಳಗಿನ ಗೊಂದಲ ಪರದೆಗೆ ಪೂರ್ತಿ ಬಂದಿಲ್ಲ. 'ಡೈವರ್ಜೆಂಟ್' ಸಿನಿಮಾಗಳು 2016ರ ಮೂರನೆಯದಕ್ಕೆ ನಿಂತುಹೋದವು, ಕಥೆಯ ಕೊನೆ ಬೇಕಿದ್ದರೆ ಪುಸ್ತಕವೇ ಗತಿ. 'ನಾಟ್ಸ್ ಅಂಡ್ ಕ್ರಾಸಸ್' 2020ರಲ್ಲಿ ಬಿಬಿಸಿ ಧಾರಾವಾಹಿಯಾಗಿ ಬಂತು, ಕಥೆಯನ್ನು ಬಹಳ ಬದಲಿಸಿದ್ದಾರೆ. ಪುಸ್ತಕ ಮೊದಲು.

ಚಾಪೆ ಮೇಲೆ ಆರು ಪುಸ್ತಕ ಇಟ್ಟ ಹುಡುಗಿ ಅವತ್ತು 'ಡಿಲೀರಿಯಂ' ತಗೊಂಡು ಹೋದಳು. ಅಮ್ಮ ಕಾಲುಚೀಲದಲ್ಲಿ ಕುಣಿಯುವ ಪುಟಕ್ಕೆ ಬಂದಾಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಆಮೇಲೆ 'ಹಂಗರ್ ಗೇಮ್ಸ್' ಮೂರೂ ಮುಗಿಸಿದಳು. ಈಗ 'ನಾಟ್ಸ್ ಅಂಡ್ ಕ್ರಾಸಸ್'ನಲ್ಲಿ ಕೊನೆಯ 60 ಪುಟ ಉಳಿದಿವೆ ಅಂತೆ. ರಾತ್ರಿ ಒಬ್ಬಳೇ ಕೂತು ಮುಗಿಸಬೇಡ, ಭಾನುವಾರ ಬೆಳಿಗ್ಗೆ ಇಲ್ಲಿಗೇ ತಗೊಂಡು ಬಾ, ಜೊತೆಯಲ್ಲಿ ಓದೋಣ ಅಂದಿದ್ದೇನೆ.